ಬಾರ್ನಬಿಯ ಬೂಟಿನ ಸಾರು

ಕಾಡಿನ ಟರ್ಕಿ ಕೋಳಿಯೊಂದು ಕೋಟೆಯ ಮರದ ಗೂಟಗಳ ಸಂದಿಯಲ್ಲಿ ಕುತ್ತಿಗೆ ತೂರಿಸಿ ಸಿಕ್ಕಿಹಾಕಿಕೊಂಡಿತು. ಅದೂ ಬಾರ್ನಬಿ ಟಕ್‌ನ ಗುಡಿಸಲ ಹಿಂದೆಯೇ. ಬೆಳಗ್ಗೆ ಸೌದೆಗೆಂದು ಹೊರಬಂದ ಬಾರ್ನಬಿ ದೆವ್ವ ಕಂಡವನಂತೆ ನಿಂತ. ಕೋಳಿಯೂ ಅವನನ್ನು ನೋಡಿತು. ಇಬ್ಬರಲ್ಲಿ ಯಾರು ಹೆಚ್ಚು ಬಡಕಲು ಎಂದು ಹೇಳುವುದು ಕಷ್ಟವಿತ್ತು.

ವರ್ಜೀನಿಯಾದ ಆ ಚಳಿಗಾಲದಲ್ಲಿ, ಕಡಲಾಚೆಯಿಂದ ಬಂದು ನೆಲೆಸಿದ್ದ ನಾವು ಮೊದಲು ಕುದುರೆಗಳನ್ನು ತಿಂದೆವು, ಆಮೇಲೆ ನಾಯಿಗಳನ್ನು, ಆಮೇಲೆ ಇಲಿಗಳನ್ನು. ಸುಗ್ಗಿಯಲ್ಲಿ ಆ ನೆಲದ ಮೂಲನಿವಾಸಿಗಳಾದ ಪೌಹಟನ್ ಜನರ ಮೆಕ್ಕೆಜೋಳವನ್ನು ಬಂದೂಕು ತೋರಿಸಿ ಹೊತ್ತು ತಂದಿದ್ದೆವು. ಈಗ ಅವರು ನಮಗೆ ಕೊಡುತ್ತಿದ್ದದ್ದು ಬಾಣ ಮಾತ್ರ. ಕೋಟೆ ದಾಟಿ ಬೇಟೆಗೆ ಹೋದವರು ವಾಪಸಾಗಲಿಲ್ಲ. ಉಗ್ರಾಣದಿಂದ ತಲೆಗೊಂದು ಹಿಡಿ ಹುಳ ಬಿದ್ದ ಜೋಳ ಸಿಗುತ್ತಿತ್ತು. ಬೆಳಗಾದರೆ ಮೊದಲು ಗುಂಡಿ ತೋಡಿ ಸತ್ತವರನ್ನು ಮಣ್ಣು ಮಾಡುವುದು, ಆಮೇಲೆ ಮಿಕ್ಕ ಕೆಲಸ.

ಇಂಥ ಊರಿಗೆ ಬಾರ್ನಬಿ ಬಂದದ್ದು ಅತ್ತರು ಮಾಡಲು. ಅಲ್ಲಿನ ಕಾಡಿನ ಹೂವೆಲ್ಲ ನಿನ್ನದೇ ಎಂದು ಲಂಡನ್ನಿನಲ್ಲಿ ಯಾರೋ ತಲೆಗೆ ತುಂಬಿದ್ದರು. ಬಂದ ಮೇಲೆ ಅವನು ಮಾಡಿದ್ದು ಎರಡೇ: ಮರ ಕಡಿದದ್ದು, ಜ್ವರದಲ್ಲಿ ಮಲಗಿದ್ದು.

ಬಾರ್ನಬಿ ಕೋಳಿಯ ಕುತ್ತಿಗೆ ಮುರಿದು, ಅಂಗಿಯೊಳಗೆ ತೂರಿಸಿಕೊಂಡು ಒಳಗೆ ಓಡಿದ. ಸಿಕ್ಕಿದ್ದನ್ನೆಲ್ಲ ಉಗ್ರಾಣಕ್ಕೆ ಒಪ್ಪಿಸಬೇಕೆಂದು ಕ್ಯಾಪ್ಟನ್ ಹಾರ್ಗ್ರೇವ್‌ನ ಕಟ್ಟಪ್ಪಣೆಯಿತ್ತು. ಒಪ್ಪಿಸಿದ ಮಾಂಸ ಕ್ಯಾಪ್ಟನ್‌ನ ಊಟದ ಮೇಜು ದಾಟಿ ಈಚೆ ಬಂದದ್ದನ್ನು ಯಾರೂ ಕಂಡಿರಲಿಲ್ಲ, ಆ ಮಾತು ಬೇರೆ. ಬಚ್ಚಿಟ್ಟವನನ್ನು ಕಂಬಕ್ಕೆ ಕಟ್ಟಿ ಚಾಟಿಯಲ್ಲಿ ಹೊಡೆಯುತ್ತಿದ್ದರು. ಗೊತ್ತಿದ್ದೂ ಹೇಳದವನಿಗೂ ಅದೇ ಕಂಬ, ಅದೇ ಚಾಟಿ.

ಪುಕ್ಕವನ್ನೆಲ್ಲ ಹಾಸಿಗೆಯೊಳಗೆ ತುರುಕಿ ಪಾತ್ರೆಯನ್ನು ಒಲೆಗೇರಿಸಿದ. ಸ್ವಲ್ಪ ಹೊತ್ತಿನಲ್ಲೇ ವಾಸನೆ ಎದ್ದಿತು. ಬಾಗಿಲ ಸಂದಿಗೆ ಕಂಬಳಿ ಗಿಡಿದ. ವಾಸನೆ ಹೊಗೆಗಂಡಿಯಿಂದ ಹೋಯಿತು. ಜೀವಮಾನವಿಡೀ ಪರಿಮಳವನ್ನು ಸೀಸೆಗಳಲ್ಲಿ ಕೂಡಿಹಾಕಿದ ಮನುಷ್ಯನಿಗೆ ಒಂದು ಕೋಳಿಯ ವಾಸನೆಯನ್ನು ಗುಡಿಸಲಲ್ಲಿ ಕೂಡಿಹಾಕಲು ಆಗಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಗುಡಿಸಲ ಅರ್ಸುಲಾ ಗ್ಯಾಡ್.

“ಏನು ಬಾರ್ನಬಿ, ಒಲೆ ಜೋರಾಗಿದೆ?”

“ಚಳಿ ಅರ್ಸುಲಕ್ಕ.”

“ಚಳಿಗೆ ಇಷ್ಟು ಒಳ್ಳೇ ವಾಸನೆ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಬಾರ್ನಬಿಯ ನಾಲಿಗೆ ತನ್ನಷ್ಟಕ್ಕೆ ತಾನೇ ತೊದಲಿತು. “ಬೂಟು. ಬೂಟು ಬೇಯಿಸ್ತಾ ಇದೀನಿ.”

ನಂಬಲಾಗದ ಮಾತೇನಲ್ಲ. ಸೊಂಟಪಟ್ಟಿ, ಕೈಗವಸು, ಕುದುರೆಯ ಜೀನು ಎಲ್ಲವೂ ಅಷ್ಟರಲ್ಲಿ ನಮ್ಮ ಹೊಟ್ಟೆ ಸೇರಿದ್ದವು. ಅರ್ಸುಲಾ ಅವನ ಕಾಲು ನೋಡಿದಳು. ಎರಡು ಬೂಟೂ ಅಲ್ಲೇ ಇದ್ದವು.

“ಇದು ಇನ್ನೊಂದು ಜೊತೆ,” ಎಂದ.

“ಇನ್ನೊಂದು ಜೊತೆ ಬೇರೆ ಇತ್ತಾ? ಇರ್ಲಿ ಬಿಡು. ನಮ್ಮೋರು ಜ್ವರದಲ್ಲಿ ಮೇಲೇಳ್ತಾ ಇಲ್ಲ ಕಣಪ್ಪ. ಒಂದು ಬಟ್ಟಲು ಕೊಡು. ಬೂಟಿಂದೇ ಆಗ್ಲಿ.”

ಅವಳ ಕೈಯಲ್ಲಿ ಬಟ್ಟಲು ಆಗಲೇ ಇತ್ತು. ಬಾರ್ನಬಿ ಪಾತ್ರೆಗೆ ಬೆನ್ನು ಅಡ್ಡ ಕೊಟ್ಟು ಸಾರು ಬಗ್ಗಿಸಿ ಕಳಿಸಿದ.

ಅವಳ ಹಿಂದೆಯೇ ಬಡಗಿ ಹಂಫ್ರಿ ಪೊಮ್‌ಫ್ರೆಟ್ ಬಂದ. ಹೊಸ್ತಿಲಲ್ಲೇ ನಿಂತು, ಕಣ್ಣು ಮುಚ್ಚಿ ಉಸಿರೆಳೆದುಕೊಂಡ.

“ಎಲ್ಲಿ ಚರ್ಮನೋ ಇದು?”

“ಸ್ಪೇನ್‌ದು.”

“ಅದೇ ಅಂದ್ಕೊಂಡೆ. ಆ ಹಸು ಏನು ಮೇಯ್ತಿತ್ತೋ ಪುಣ್ಯಾತ್ಗಿತ್ತಿ. ನಂಗೆ ಹಿಮ್ಮಡಿ ಕಡೇದು ಒಂದು ತುಂಡು ಹಾಕು.”

ಬಾರ್ನಬಿ ಎದೆಯ ಮಾಂಸದ ತುಂಡೊಂದನ್ನು ಸಾರಿನಲ್ಲಿ ಮುಳುಗಿಸಿ ಕೊಟ್ಟ. ಹಂಫ್ರಿ ನಿಧಾನವಾಗಿ ಅಗಿದ.

“ಹಿಮ್ಮಡಿ ಚೆನ್ನಾಗಿ ಬೆಂದಿದೆ,” ಎಂದು ಗಂಭೀರವಾಗಿ ಹೇಳಿ ಹೋದ.

ಆಮೇಲೆ ಸಾಲು ಹತ್ತಿತು. ಒಬ್ಬನಿಗೆ ಅಟ್ಟೆ ಬೇಕಿತ್ತು, ಇನ್ನೊಬ್ಬನಿಗೆ ಹಲ್ಲಿಲ್ಲವಾದ್ದರಿಂದ ಮೆತ್ತನೆಯ ಭಾಗ. ಒಬ್ಬ ಮುದುಕ ಬರಿಯ ಲಾಡಿಯಾದರೂ ಸಾಕು ಎಂದು ಕಣ್ಣೀರು ಹಾಕಿದ. ಇಲ್ಲವೆಂದರೆ ಅನುಮಾನ ಬರುತ್ತದೆಂದು ಬಾರ್ನಬಿ ಎಲ್ಲರಿಗೂ ಬಡಿಸಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಒಂದಿಷ್ಟು ಸಾರು, ತನಗೆಂದು ಉಳಿಸಿಕೊಂಡ ಒಂದು ತೊಡೆ ಮಾತ್ರ ಇತ್ತು. ಅವನಿನ್ನೂ ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ.

ತೊಡೆಗೆ ಕೈ ಹಾಕಿದ್ದಷ್ಟೆ, ಹೊರಗಿನಿಂದ ಹಂಫ್ರಿಯ ದನಿ ಕೇಳಿತು. “ಕ್ಯಾಪ್ಟನ್ ಸಾಹೇಬ್ರು ಬರ್ತಿದಾರೆ.”

ಬೂಟು ಎಲ್ಲಿ ಎಂದು ಕೇಳಿದರೆ ತೋರಿಸುವುದೇನನ್ನು? ಬಾರ್ನಬಿ ಆ ತೊಡೆಯನ್ನು ಬೆಂಕಿಗೆ ಎಸೆದ. ಅದು ಚಟಪಟ ಸುಟ್ಟು ಕರಕಲಾಗುವುದನ್ನು ನೋಡಲಾರದೆ ಮುಖ ತಿರುಗಿಸಿಕೊಂಡು, ಕಾಲಿನ ಬೂಟುಗಳನ್ನು ಕಿತ್ತು, ಕೊಡಲಿಯಿಂದ ತುಂಡುಮಾಡಿ, ಮೊಳೆ ಸಮೇತ ಪಾತ್ರೆಗೆ ಹಾಕಿದ.

ಕ್ಯಾಪ್ಟನ್ ತಲೆ ಬಗ್ಗಿಸಿ ಒಳಬಂದ. ಒಂದು ಕೈಯನ್ನು ಮೇಲಂಗಿಯೊಳಗೆ ಮರೆಮಾಡಿಕೊಂಡಿದ್ದ. ಚಾಟಿಯೇ ಇರಬೇಕೆಂದು ಬಾರ್ನಬಿ ಗೋಡೆಗೆ ಒತ್ತಿ ನಿಂತ.

“ಏನೋ ಬೂಟು ಬೇಯಿಸ್ತಿದೀಯಂತೆ?”

“ಬೂಟೇ ಸ್ವಾಮಿ. ದೇವರಾಣೆಗೂ ಬೂಟೇ.”

ಕ್ಯಾಪ್ಟನ್ ಸೌಟು ಹಾಕಿ ಎತ್ತಿದ. ಕೆಸರು ಅಂಟಿದ ಅಟ್ಟೆ ಬಂತು. ಇನ್ನೊಮ್ಮೆ ಹಾಕಿದ, ಹಿಮ್ಮಡಿ ಬಂತು. ತಳ ಕೆದಕಿ ಹುಡುಕಿದ. ಕೊನೆಗೆ ಸಾರನ್ನು ಒಂದು ಗುಟುಕು ಕುಡಿದು, ಮುಖ ಹಿಂಡಿ, ಬಾರ್ನಬಿಯ ಬರಿಗಾಲನ್ನು ಬಹಳ ಹೊತ್ತು ನೋಡಿದ.

“ನಾಳೆ ಬೆಳಗ್ಗೆ ನದಿ ದಂಡೆ ಕಾವಲು ನಿಂದು,” ಎಂದು ಹೇಳಿ ಹೊರಟುಹೋದ.

ಚಾಟಿ ತಪ್ಪಿತಲ್ಲ ಎಂದು ಬಾರ್ನಬಿ ಬಾಗಿಲು ಹಾಕಿಕೊಂಡ. ಆಮೇಲೆ ಹಸಿವು ನೆನಪಾಗಿ, ಪಾತ್ರೆಯ ಮುಂದೆ ಕೂತು ತನ್ನ ಎಡಗಾಲ ಬೂಟಿನ ನಾಲಿಗೆಯನ್ನು ಸಂಜೆಯವರೆಗೂ ಅಗಿದ.

ದೀಪ ಹಚ್ಚುವ ಹೊತ್ತಿಗೆ ಅರ್ಸುಲಾ ಬಟ್ಟಲು ವಾಪಸು ತಂದಳು.

“ನಮ್ಮೋರು ಎದ್ದು ಕೂತ್ರು ಕಣಪ್ಪ. ಮಾತೂ ಆಡಿದ್ರು. ನಿನ್ ಹೊಟ್ಟೆ ತಣ್ಣಗಿರ್ಲಿ,” ಎಂದವಳು ಅವನ ಕಾಲು ನೋಡಿ ಅಲ್ಲೇ ನಿಂತಳು. “ಅಯ್ಯೋ, ಬೂಟು ನಿಜವಾಗ್ಲೂ ಹಾಕ್ಬಿಟ್ಯಾ? ಯಾಕೋ?”

“ನೀವೆಲ್ಲ ನಂಬ್ಲಿ ಅಂತ.”

“ನಂಬೋದೇನು ಬಂತು? ಬೆಳಗ್ಗೆ ಅದು ರೆಕ್ಕೆ ಬಡಿದಾಗ್ಲೇ ಇಡೀ ಕೋಟೆಗೆ ಕೇಳಿಸ್ತು. ಕೋಳಿ ಅಂತ ಬಾಯಿಬಿಟ್ರೆ ನಮ್ ಬೆನ್ನಿಗೂ ಚಾಟಿ. ಅದಕ್ಕೇ ಎಲ್ರೂ ಬೂಟು ಬೂಟು ಅಂತ ತಿಂದ್ವಿ.”

“ಮತ್ತೆ ಕ್ಯಾಪ್ಟನ್ನು? ಚಾಟಿ ಹಿಡ್ಕೊಂಡು ಬಂದಿದ್ರು.”

“ಎಲ್ಲಿ ಚಾಟಿ? ಮೇಲಂಗಿ ಒಳಗೆ ಬಟ್ಟಲು ಇಟ್ಕೊಂಡು ಬಂದಿದ್ರು. ಅವ್ರ ಮನೇಲೂ ವಾರದಿಂದ ಒಲೆ ಹತ್ತಿಲ್ಲ. ಎಲ್ರಿಗೂ ಒಳ್ಳೊಳ್ಳೇ ಬೂಟು ಕೊಟ್ಟು ನಂಗೊಬ್ನಿಗೇ ನಿಜವಾದ ಬೂಟು ಕೊಟ್ಟ ಅಂತ ದಾರೀಲಿ ಹಲ್ಲು ಕಡೀತಾ ಹೋದ್ರು.”

ಹೊರಗೆ ಹಿಮ ಬೀಳತೊಡಗಿತ್ತು. ಅರ್ಸುಲಾ ತಲೆಗೆ ಶಾಲು ಹೊದ್ದುಕೊಂಡು ಬಾಗಿಲವರೆಗೆ ಹೋದವಳು ತಿರುಗಿ, ತಗ್ಗಿದ ದನಿಯಲ್ಲಿ ಅಂದಳು:

“ಇನ್ನೊಂದು ಸಲ ಏನಾದ್ರೂ ಸಿಕ್ರೆ ಬೇರೆ ಏನಾದ್ರೂ ಹೆಸರು ಹೇಳು. ನಿನ್ ಹತ್ರ ಬೂಟಿಲ್ಲ ಅಂತ ಈಗ ಎಲ್ರಿಗೂ ಗೊತ್ತಾಗಿದೆ.”