ಎರಡೂವರೆಯ ಬೆಟ್ಟದ ಬಸ್ಸು

ಅಜ್ಜಿಯೊಬ್ಬರು ಟಿಕೆಟ್ ಮುಂದೆ ಹಿಡಿದು ಏನೋ ಕೇಳಿದರು. ರಜೆಯಲ್ಲಿ ಬಂದಿದ್ದ ನಮ್ಮ ಗುಮಾಸ್ತ ಉತ್ತರ ಕೊಟ್ಟುಬಿಟ್ಟ. ಎಡವಟ್ಟಾದದ್ದು ಅಲ್ಲೇ.

ಪರದೇಶದ ಬಸ್ ನಿಲ್ದಾಣ, ಬೆಳಿಗ್ಗೆ ಒಂಬತ್ತು ಗಂಟೆ. ಅಜ್ಜಿಯ ಭಾಷೆಯ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ. ಆದರೆ ತನ್ನೂರಿನ ರೈಲು ನಿಲ್ದಾಣದಲ್ಲಿ ‘ವಿಚಾರಣೆ’ ಎಂಬ ಫಲಕದ ಕೆಳಗೆ ಇಪ್ಪತ್ತೆರಡು ವರ್ಷ ಕೂತು ವಿಚಾರಣಾಧೀನ ಕೈದಿಯಂತಾದವನಿಗೆ ಭಾಷೆ ಯಾಕೆ ಬೇಕು? ಹುಬ್ಬು ಮೇಲೇರಿ, ಕತ್ತು ಮುಂದೆ ಬಂದು, ಕೊನೆಗೆ ದನಿ ಎಳೆದರೆ ಅದು “ನನ್ ಗಾಡಿ ಎಲ್ಲಿ ನಿಲ್ಲುತ್ತಪ್ಪಾ?” ಎಂದೇ ಅರ್ಥ. ಟಿಕೆಟ್ಟಿನ ಅಂಕಿ ನೋಡಿದ, ಗೋಡೆಯ ವೇಳಾಪಟ್ಟಿ ನೋಡಿದ, ನಾಲ್ಕು ಬೆರಳೆತ್ತಿ ಎಡಕ್ಕೆ ಕೈ ತೋರಿಸಿದ. ಅಜ್ಜಿ ಅವನ ಗಲ್ಲ ಸವರಿ ನಾಲ್ಕನೇ ಪ್ಲಾಟ್‌ಫಾರಂಗೆ ಹೊರಟರು.

ಇಷ್ಟಕ್ಕೂ ಅವನು ಬಂದದ್ದೇ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು. ಹೆಂಡತಿಯೇ ಸಾಗಹಾಕಿದ್ದಳು. “ಉಪ್ಪೆಲ್ಲಿ ಅಂದ್ರೆ ‘ಎರಡನೇ ಗೂಡು, ಎಡಗಡೆ, ಮುಂದಿನವರು ಬನ್ನಿ’ ಅಂತೀರಿ! ಒಬ್ರೇ ಎಲ್ಲಾದ್ರೂ ಹೋಗಿ ಬೆಟ್ಟಗಿಟ್ಟ ಹತ್ತಿ ಬನ್ನಿ. ಮನುಷ್ಯರಾಗ್ತೀರಿ.”

ಆರು ದಿನದ ಏಕಾಂಗಿ ಸಾಹಸಯಾತ್ರೆಯಲ್ಲಿ ಐದು ದಿನ ಹೊಟ್ಟೆ ಕೆಟ್ಟು, ಸಾಹಸವೆಲ್ಲ ಮಂಚಕ್ಕೂ ಬಚ್ಚಲಿಗೂ ನಡುವೆಯೇ ಮುಗಿದಿತ್ತು. ನಾಳೆ ವಿಮಾನ. ಉಳಿದದ್ದು ಇವತ್ತೊಂದು ದಿನ, ಬೆಟ್ಟಕ್ಕೆ ಮೂರು ಬಸ್ಸು: ಒಂಬತ್ತೂವರೆ, ಹನ್ನೆರಡು, ಎರಡೂವರೆ. ತುದಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ ಎಂದು ಓದಿದಾಗಲೇ ಅವನ ಕಣ್ಣು ತೇವವಾಗಿತ್ತು.

ಅಜ್ಜಿಗೆ ಉತ್ತರ ಸಿಕ್ಕಿದ್ದನ್ನು ಪೆಟ್ಟಿಗೆ ಹೊತ್ತ ದಂಪತಿ ನೋಡಿದರು. ನಿಲ್ದಾಣದ ನಿಜವಾದ ವಿಚಾರಣೆ ಕಿಟಕಿಯ ಮುಂದೆ ನಿಂತು ನಿಂತು ಸೋತಿದ್ದವರು ಅವರು. ಜೇಬಿನಲ್ಲಿ ಪೆನ್ನು, ಮುಖದಲ್ಲಿ ಸರ್ಕಾರಿ ಬೇಸರ: ಇವನು ಅಧಿಕಾರಿಯಲ್ಲದೆ ಇನ್ನಾರು? ಅವರ ಹಿಂದೆ ಇನ್ನಿಬ್ಬರು, ಆಮೇಲೆ ಒಂದು ಹಿಂಡು. ನೂಕಾಟ ಶುರುವಾದಾಗ ಅವನ ಗಂಟಲು ಅವನನ್ನು ಕೇಳದೆಯೇ ಕೂಗಿತು.

“ಸಾಲಾಗಿ ಬನ್ರೀ, ಸಾಲಾಗಿ!”

ಗದರಿಕೆಗೆ ಅನುವಾದ ಬೇಕಿಲ್ಲ. ಸಾಲು ಕಟ್ಟಿತು. ಸಾಲು ಕಟ್ಟಿದ ಮೇಲೆ ಅದು ಕರಗುವ ತನಕ ಜಾಗ ಬಿಟ್ಟು ಕದಲಿ ಅವನಿಗೆ ಅಭ್ಯಾಸವಿಲ್ಲ. ಒಂಬತ್ತೂವರೆಯ ಬಸ್ಸಿಗೆ ಒಬ್ಬನನ್ನು ಓಡಿಸಿ ಹತ್ತಿಸಿದವನೂ ಅವನೇ. ಬಾಗಿಲು ಮುಚ್ಚಿದ ಮೇಲೆ ನೆನಪಾಯಿತು, ಅದು ತನ್ನ ಬಸ್ಸು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಹೆಂಡತಿಯ ಫೋನು.

“ಹತ್ತಿದ್ರಾ?”

“ಇನ್ನೂ ಬುಡದಲ್ಲಿದೀನಿ.”

“ಅದೇನ್ರೀ ಅಷ್ಟು ಗಲಾಟೆ?”

“ಇಲ್ಲಿಯವರ ಜೊತೆ ಬೆರೀತಾ ಇದೀನಿ ಕಣೇ... ಆರನೇ ಪ್ಲಾಟ್‌ಫಾರಂ, ಬಲಗಡೆ, ಮುಂದಿನವರು ಬನ್ನಿ!”

ಆ ಕಡೆ ಉದ್ದನೆಯ ನಿಟ್ಟುಸಿರು. “ಬೆರೀರಿ, ಬೆರೀರಿ.” ಅಷ್ಟರಲ್ಲಿ ಹನ್ನೆರಡರ ಬಸ್ಸೂ ಹೋಯಿತು.

ಒಂದೂವರೆಗೆ ಗಾಜಿನ ಕಿಟಕಿಯ ಪಕ್ಕದ ಬಾಗಿಲು ತೆರೆದು ನಿಜವಾದ ವಿಚಾರಣೆ ಗುಮಾಸ್ತ ಹೊರಬಂದ. ದಪ್ಪ ಮೀಸೆ, ಜೋತ ಹೆಗಲು. ಬೈಯುತ್ತಾನೆಂದು ನಮ್ಮವನು ಹೆದರಿದ. ಮೀಸೆಯವನು ಬೈಯಲಿಲ್ಲ. ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮೆಲ್ಲಗೆ ತನ್ನ ಕತ್ತಿನ ಹಿಂಭಾಗ ಒತ್ತಿಕೊಂಡ. ನಮ್ಮವನೂ ತನ್ನ ಕತ್ತು ಒತ್ತಿಕೊಂಡ. ನೋವು ಇಬ್ಬರಿಗೂ ಒಂದೇ ಮೂಳೆಯಲ್ಲಿತ್ತು.

ಅಲ್ಲಿಂದ ಮಾತೇ ಬೇಕಾಗಲಿಲ್ಲ. ಮೀಸೆಯವನು ಬಿಸಿ ಚಹಾ ತಂದ. “ಮೂರು ಗಂಟೆ ಬಸ್ಸು ಎಷ್ಟು ಗಂಟೆಗೆ?” ಎನ್ನುವವನ ಮುಖ ಮಾಡಿ ತೋರಿಸಿದ. ನಮ್ಮವನು, ಉತ್ತರ ಕೇಳಿಸಿಕೊಂಡು ಪಕ್ಕದವನನ್ನೂ ಅದನ್ನೇ ಕೇಳುವವನ ಅಣಕ ಮಾಡಿದ. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಪರದೇಶದಲ್ಲಿ ಸೋದರಮಾವನ ಮಗ ಸಿಕ್ಕಂತಾಯಿತು. ಖುಷಿಯಲ್ಲಿ ನಮ್ಮವನು ತನ್ನ ಆಸೆಯನ್ನೂ ಕೈಯಲ್ಲೇ ಬಿಡಿಸಿಟ್ಟ: ಬೆಟ್ಟ, ತುದಿ, ಗಾಳಿ, ಒಬ್ಬನೇ, ಎರಡೂವರೆ.

ಮೀಸೆಯವನು ನಗು ನಿಲ್ಲಿಸಿದ. ಅವನನ್ನು ಒಳಗೆ ಕರೆದು ಗಾಜಿನಾಚೆಗೆ ತೋರಿಸಿದ. ಕುರ್ಚಿಯಿಂದ ಬೆಟ್ಟ ನಿಚ್ಚಳವಾಗಿ ಕಾಣುತ್ತಿತ್ತು. ಹತ್ತು ಬೆರಳು, ಮತ್ತೆ ಹತ್ತು, ಮತ್ತೆ ಆರು ಎತ್ತಿದ. ಅಷ್ಟು ವರ್ಷದಿಂದ ನೋಡುತ್ತಿದ್ದಾನೆ. ಹೋದದ್ದು? ಕೈ ಅಲ್ಲಾಡಿಸಿದ. ಇಲ್ಲ.

“ಅಯ್ಯೋ ಪಾಪ,” ಎಂದ ನಮ್ಮವನು, ಮನಸಾರೆ.

ಎರಡು ಇಪ್ಪತ್ತು. ನಮ್ಮವನು ಚೀಲ ಹೆಗಲಿಗೇರಿಸಿದ. ಆಗ ಮೀಸೆಯವನು ಸಂಕೋಚದಿಂದ ಕಿರುಬೆರಳು ಎತ್ತಿ, ಕುರ್ಚಿ ತೋರಿಸಿ, ಎರಡು ಬೆರಳು ಆಡಿಸಿದ. ಎರಡೇ ನಿಮಿಷ. ಕೌಂಟರಿನಲ್ಲಿ ಕೂತು ಕೂತು ಹೊಟ್ಟೆ ಬಿಗಿಹಿಡಿದ ಯಾವ ಗುಮಾಸ್ತ ಈ ಸನ್ನೆಗೆ ಇಲ್ಲವೆಂದಾನು? ನಮ್ಮವನು ಕೂತ. ಸಾಲು ಗಾಜಿನ ಮುಂದಕ್ಕೆ ಸರಿಯಿತು.

ಎರಡು ನಿಮಿಷ ನಾಲ್ಕಾಯಿತು, ಎಂಟಾಯಿತು. ಎರಡೂವರೆಗೆ ಎಂಜಿನ್ ಗುರ್ರೆಂದಿತು. ನಮ್ಮವನು ಅರ್ಧ ಎದ್ದ. ಸಾಲಿನಲ್ಲಿ ಇನ್ನೂ ಹನ್ನೊಂದು ಜನ. ಬೆಟ್ಟದ ಬಸ್ಸು ಗಾಜಿನ ಮುಂದೆಯೇ ನಿಧಾನವಾಗಿ ತಿರುಗಿತು. ಕಿಟಕಿ ಪಕ್ಕದ ಸೀಟಿನಲ್ಲಿ ಒಬ್ಬನೇ, ಕಣ್ಣು ಮುಚ್ಚಿ, ಗಾಳಿಗೆ ಮೀಸೆಯೊಡ್ಡಿ ಕೂತಿದ್ದ ಅವನು. ಮುಖದಲ್ಲಿ ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ.

ನಮ್ಮವನು ಕುಸಿದು ಕೂತ. ಹಿಂದಿನಿಂದ ಬಾಗಿಲು ತೆರೆಯಿತು. ಹೊಟ್ಟೆ ಮುಂದಿಟ್ಟುಕೊಂಡ ಮೇಲಧಿಕಾರಿ ಒಳಗೆ ಬಂದು ಕುರ್ಚಿ ನೋಡಿದ, ಅಪರಿಚಿತ ಮುಖ ನೋಡಿದ, ಹುಬ್ಬು ಮೇಲೇರಿಸಿ ದನಿ ಎಳೆದ: ಇಲ್ಲಿದ್ದವನೆಲ್ಲಿ?

ಗುಮಾಸ್ತ ಬೆಟ್ಟದ ಕಡೆ ಒಮ್ಮೆ ನೋಡಿದ. ಆಮೇಲೆ ಸುಸ್ತಾಗಿ ಕಿರುಬೆರಳು ಎತ್ತಿದ.