ಹಿರಿಯರ ಊಟ ಇನ್ನೂ ಆಗಿಲ್ಲ

ಒಂದೇ ಹಂದಿಯಲ್ಲಿ ಎರಡು ಕೆಲಸ ಮುಗಿಸಿಬಿಡಬಹುದು ಎಂದು ಟೀಕ್ ಬೆಂಗನ ತಲೆಗೆ ಹೊಳೆದದ್ದೇ ಆ ದಿನದ ಪಡಿಪಾಟಲಿಗೆಲ್ಲ ಮೂಲ.

ಮಗಳು ಸ್ವೀ ಲಿನ್‌ಳ ಹೆರಿಗೆ ಕಷ್ಟದ್ದಾಗಿತ್ತು. ಡಾಕ್ಟರರು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದಾಗ ಬೆಂಗ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಸತ್ತುಹೋದ ತಾತನಿಗೆ ಹರಕೆ ಹೊತ್ತಿದ್ದ. ತಾಯಿ ಮಗು ಇಬ್ಬರೂ ಉಳಿದರೆ ಒಂದು ಇಡೀ ಸುಟ್ಟ ಹಂದಿ ತಂದು ಒಪ್ಪಿಸುತ್ತೇನೆ ಎಂದು. ಇಬ್ಬರೂ ಉಳಿದರು. ಈಗ ಮಗುವಿಗೆ ತಿಂಗಳು ತುಂಬಿತ್ತು, ಬೀಗರ ಮನೆಯಲ್ಲಿ ಊಟ, ಅಲ್ಲಿಗೂ ಹೆಣ್ಣಿನ ಕಡೆಯಿಂದ ಒಂದು ಹಂದಿ ಹೋಗಬೇಕು. ಬೆಂಗ್ ಯೋಚಿಸಿದ: ಬೆಳಿಗ್ಗೆ ಹಂದಿಯನ್ನು ಮನೆತನದ ಮನೆಗೆ ಒಯ್ದು ಹಿರಿಯರ ಮುಂದಿಡುವುದು, ಅವರು ಉಂಡ ಮೇಲೆ ಅದನ್ನೇ ಎತ್ತಿಕೊಂಡು ಮಧ್ಯಾಹ್ನದೊಳಗೆ ಬೀಗರ ಮನೆ ಸೇರುವುದು. ಹಿರಿಯರು ಉಣ್ಣುವುದು ಪರಿಮಳವನ್ನು ತಾನೇ, ಮಾಂಸ ಎಲ್ಲಿಗೆ ಹೋಗುತ್ತದೆ?

ಮಧ್ಯಾಹ್ನದೊಳಗೇ ಸೇರಬೇಕು ಅನ್ನುವುದಕ್ಕೆ ಕಾರಣವಿತ್ತು. ನಮ್ಮ ಜಾರ್ಜ್‌ಟೌನಿನಲ್ಲಿ ಬೆಂಗನದು ಗಡಿಯಾರ ರಿಪೇರಿಯ ಅಂಗಡಿ. ಆದರೂ ಮಗಳ ಮದುವೆಯ ಊಟಕ್ಕೆ ಅವನು ಬಂದು ಸೇರಿದ್ದು ಅರ್ಧ ಪಂಕ್ತಿ ಎದ್ದ ಮೇಲೆ. ಅವತ್ತಿನಿಂದ ಬೀಗರು ಗ್ವೀ ಕೀ ಹೊಕ್, ಎದುರಿಗೆ ಸಿಕ್ಕಾಗಲೆಲ್ಲ, "ನಮ್ಮ ಬೀಗರು ಊರಿನವರ ಗಡಿಯಾರ ಎಲ್ಲಾ ಸರಿ ಮಾಡ್ತಾರೆ, ತಮ್ಮದೊಂದು ಬಿಟ್ಟು" ಎಂದು ಹತ್ತು ಜನರ ಮುಂದೆ ಹೇಳಿ ನಗುತ್ತಿದ್ದರು. ಜೊತೆಗೆ ನಗುವುದು ಬಿಟ್ಟರೆ ಬೆಂಗನಿಗೆ ಬೇರೆ ದಾರಿ ಇರಲಿಲ್ಲ. ಈ ಸಲ ಮಾತ್ರ ಅವರ ಬಾಯಿಗೆ ಬೀಳಬಾರದು ಎಂದು ಅವನು ಹೆಂಡತಿಯನ್ನು ಹಿಂದಿನ ದಿನವೇ ಬೀಗರ ಮನೆಗೆ ಕಳಿಸಿ, ತಾನು ಹೊತ್ತು ಮೂಡುವ ಮೊದಲೇ ಎದ್ದಿದ್ದ.

ಬೆಂಗನ ಕ್ವಾ ಮನೆತನದ ಮನೆಯ ಚಾವಣಿಯ ಮೇಲಿನ ಡ್ರ್ಯಾಗನ್ನುಗಳಿಗೆ ಬಾಲ ಮುರಿದು ಎಷ್ಟೋ ಕಾಲವಾಯಿತು. ಒಳಗಿರುವ ಹಿರಿಯರ ದರ್ಬಾರಿಗೆ ಮಾತ್ರ ಏನೂ ಕುಂದಿಲ್ಲ. ಗೋಡೆಯ ತುಂಬ ಮೆಟ್ಟಿಲು ಮೆಟ್ಟಿಲಾಗಿ ಅವರ ಹೆಸರಿನ ಹಲಗೆಗಳು, ಕೆಳಗಿನ ಮೆಟ್ಟಿಲ ಎಡಮೂಲೆಯಲ್ಲಿ ಬೆಂಗನ ತಾತ. ಬೆಂಗ್ ಹಂದಿ ಇಟ್ಟ, ಊದುಬತ್ತಿ ಹಚ್ಚಿದ, ಕಡ್ಡಿಗಳು ಅರ್ಧ ಉರಿಯುವ ತನಕ ಕಾದ. ಆಮೇಲೆ ಮಂಡಿಯೂರಿ ಮರದ ಜೋಡಿಯನ್ನು ಕೈಗೆತ್ತಿಕೊಂಡ. ಅರ್ಧಚಂದ್ರದ ಆಕಾರದ ಎರಡು ತುಂಡು, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹಿರಿಯರು ಹೂಂ ಅಂದ ಹಾಗೆ. ಎರಡೂ ಬೋರಲು ಬಿದ್ದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ನಗುತ್ತಿದ್ದಾರೆ ಅಂತ ಅರ್ಥ. ಅವರು ಹೂಂ ಅನ್ನದೆ ಮುಂದಿಟ್ಟ ತಟ್ಟೆಯನ್ನು ಅಲುಗಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

"ತಾತ, ಊಟ ಆಯ್ತಾ?" ಎಂದು ಕೇಳಿ ಬೆಂಗ್ ಜೋಡಿ ಎಸೆದ. ಎರಡೂ ಬೋರಲು ಬಿದ್ದವು. ಪಾಪ, ನಿಧಾನವಾಗಿ ಉಣ್ಣಲಿ ಎಂದು ಇನ್ನೊಂದು ಕಡ್ಡಿ ಹಚ್ಚಿ, ಅದು ಉರಿದ ಮೇಲೆ ಮತ್ತೆ ಎಸೆದ. ಈಗಲೂ ಬೋರಲು.

ಇಷ್ಟು ಹೊತ್ತಿಗೆ ಗೈಕ್ ನೀ ಅತ್ತೆ ಬಂದಳು. ಬೆಂಗನ ಸೋದರತ್ತೆ, ತಾತನ ಕೊನೆಯ ಮಗಳು, ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ಕೂರುವುದು ಅವಳ ಅಭ್ಯಾಸ. ಅವಳು ಹಂದಿಯನ್ನು ಮೂಗಿನಿಂದ ಬಾಲದವರೆಗೆ ನೋಡಿ, ತನ್ನ ಅಪ್ಪ ಜನ್ಮದಲ್ಲಿ ಕಾಫಿ ಇಲ್ಲದೆ ತುತ್ತು ಎತ್ತಿದವರಲ್ಲ, ಅದು ಇಷ್ಟು ವಯಸ್ಸಾದ ಮೊಮ್ಮಗನಿಗೆ ಗೊತ್ತಿಲ್ಲವೇ ಎಂದು ಮುಖ ಸಿಂಡರಿಸಿದಳು. ಬೆಂಗ್ ಬೀದಿಗೆ ಓಡಿ ಗಟ್ಟಿ ಹಾಲಿನ ಕಾಫಿ ತಂದಿಟ್ಟ. ಬೋರಲು. ಕಾಫಿಗೆ ಸಕ್ಕರೆ ಸಾಲದು ಅಂದಳು ಅತ್ತೆ. ಸಕ್ಕರೆ ಬಂತು, ಉತ್ತರ ಮಾತ್ರ ಬದಲಾಗಲಿಲ್ಲ.

ಮನೆ ನೋಡಿಕೊಳ್ಳುವ ಮುದುಕ ಚೂಯ್ ಹಾಕ್ ಪೊರಕೆ ಗೋಡೆಗೆ ಒರಗಿಸಿ ತಾನೂ ಪಂಚಾಯಿತಿಗೆ ಬಂದು ಕೂತ. ಅವನ ಲೆಕ್ಕವೇ ಬೇರೆ. ಹಂದಿಯ ವಾಸನೆ ತಾತನ ಮೂಗಿಗೆ ಮಾತ್ರ ಹೋಗಿರುತ್ತದೆಯೇ, ಗೋಡೆಯ ಮೇಲಿರುವ ಐದು ತಲೆಮಾರೂ ಎದ್ದು ಬಂದಿರುತ್ತದೆ, ಹಿರಿಯರಿಂದ ಶುರುವಾಗಿ ಸಾಲಾಗಿ ಉಣ್ಣಬೇಕು, ಕಡೆಯ ಮೆಟ್ಟಿಲ ಮೂಲೆಯಲ್ಲಿರುವ ತಾತನ ಸರದಿ ಬರುವುದು ಯಾವಾಗ ಎಂದು ಅವನು ಕೇಳಿದ. ಹಾಗಾದರೆ ಎಲ್ಲರಿಗೂ ತಟ್ಟೆ ಬೇಡವೇ ಎಂದು ಅತ್ತೆ ಎದ್ದಳು. ಅಡುಗೆಮನೆಯಲ್ಲಿದ್ದ ತಟ್ಟೆ, ಬಟ್ಟಲು, ಊಟದ ಕಡ್ಡಿಗಳನ್ನೆಲ್ಲ ಬೆಂಗ್ ತೊಳೆದು ಒರೆಸಿ ಮೇಜಿನ ಉದ್ದಕ್ಕೂ ಜೋಡಿಸಿದ. ಬೆನ್ನು ಬಿಲ್ಲಾಯಿತು. ಜೋಡಿ ಎಸೆದರೆ ಈ ಸಲ ಎರಡೂ ಅಂಗಾತ ಬಿದ್ದವು.

"ನಗ್ತಾ ಇದ್ದಾರೆ" ಅಂದ ಚೂಯ್ ಹಾಕ್, ಬಹಳ ಸಂತೋಷದಿಂದ.

ಅಷ್ಟರಲ್ಲಿ ಮನೆ ನೋಡಲು ಪ್ರವಾಸಿಗಳ ಗುಂಪೊಂದು ಬಂತು. ಅವರನ್ನು ಕರೆತಂದ ಹುಡುಗಿ ಕಂಬದ ಕೆತ್ತನೆ ತೋರಿಸುವುದನ್ನು ಬಿಟ್ಟು ಬೆಂಗನನ್ನು ತೋರಿಸಿದಳು. ಇದು ಪುರಾತನ ಆಚರಣೆ, ಅಪರೂಪಕ್ಕೆ ನೋಡಸಿಗುವಂಥದ್ದು ಎಂದು ವಿವರಿಸಿದಳು. ಬೆಂಗ್ ಎಸೆದ, ಎರಡೂ ಬೋರಲು ಬಿದ್ದವು, ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಫೋಟೋ ಸರಿ ಬರಲಿಲ್ಲ, ಇನ್ನೊಮ್ಮೆ ಎಸೆಯುತ್ತೀರಾ ಎಂದು ಟೋಪಿ ಹಾಕಿದ ಹೆಂಗಸೊಬ್ಬಳು ಕೇಳಿಕೊಂಡಳು. ಇನ್ನೊಮ್ಮೆ ಎಸೆದದ್ದೂ ಬೋರಲೇ. ಮತ್ತೆ ಚಪ್ಪಾಳೆ ಬಿತ್ತು.

ಮಧ್ಯಾಹ್ನ ಆಗಿಹೋಯಿತು. ಬೆಂಗ್ ಕಳ್ಳನ ಹಾಗೆ ಫೋನು ತೆಗೆದು ನೋಡಿದ. ಬೀಗರಿಂದ ಒಂದು ಕರೆಯೂ ಇರಲಿಲ್ಲ. ಬೈಯುವ ಬೀಗರನ್ನಾದರೂ ಸಹಿಸಬಹುದು, ಮೌನವಾದ ಬೀಗರನ್ನು ಸಹಿಸುವುದು ಹೇಗೆ? ನೆಂಟರನ್ನೆಲ್ಲ ಸುತ್ತ ಕೂರಿಸಿಕೊಂಡು ಅವರು ಗಡಿಯಾರದ ಮಾತು ಆಡುತ್ತಿರುವುದೂ, ಎಳೆಮಗು ಎತ್ತಿಕೊಂಡ ಸ್ವೀ ಲಿನ್ ತಲೆ ತಗ್ಗಿಸಿ ಕೂತಿರುವುದೂ ಅವನ ಕಣ್ಣಿಗೆ ಕಟ್ಟಿದಂತಾಯಿತು. ಹಂದಿಯನ್ನು ಹಾಗೇ ಹೊತ್ತುಕೊಂಡು ಹೋಗಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದಕ್ಕೇ ಹೆದರಿ ಕೆನ್ನೆ ಕೆನ್ನೆ ಬಡಿದುಕೊಂಡ.

ಆಗ ಅತ್ತೆಗೆ ಒಂದು ಸಂಗತಿ ನೆನಪಾಯಿತು. "ಅಯ್ಯೋ ಬೆಂಗ್, ಸಾಯೋ ಹೊತ್ತಿಗೆ ನಮ್ಮಪ್ಪನ ಬಾಯಲ್ಲಿ ಒಂದು ಹಲ್ಲೂ ಇರ್ಲಿಲ್ಲ ಕಣೋ. ಈ ಗರಿಗರಿ ಚರ್ಮ ಹೆಂಗೆ ಅಗೀತಾರೆ? ಬೆಳಗ್ಗಿಂದ ಚಪ್ಪರಿಸ್ತಾನೇ ಕೂತಿದ್ದಾರೆ ಪಾಪ."

ಇದನ್ನು ಹೊತ್ತು ನೆತ್ತಿಗೇರಿದ ಮೇಲೆ ಹೇಳುತ್ತೀಯಲ್ಲ ಎಂದು ಕೇಳುವಷ್ಟು ತ್ರಾಣವೂ ಬೆಂಗನಲ್ಲಿ ಉಳಿದಿರಲಿಲ್ಲ. ಮೂರು ಬೀದಿ ಸುತ್ತಿ ಮೆತ್ತಗೆ ಬೆಂದ ಗಂಜಿ ತಂದ. ತನ್ನ ಹೊಟ್ಟೆ ತಾಳ ಹಾಕುತ್ತಿದ್ದರೂ ಒಂದು ಚಮಚ ಬಾಯಿಗಿಡದೆ ತಾತನ ಮುಂದಿಟ್ಟು ಜೋಡಿ ಎಸೆದ. ಬೋರಲು.

ಬೆಂಗ್ ನೆಲದ ಮೇಲೆ ಕುಸಿದು ಕೂತ. ಕೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ. ತಾತನ ಹಲಗೆಯನ್ನು ಸುಮ್ಮನೆ ನೋಡಿದ. ಚಿಕ್ಕಂದಿನಲ್ಲಿ ಇದೇ ಅಂಗಳದಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಡ್ರ್ಯಾಗನ್ ತೋರಿಸುತ್ತಿದ್ದ ಮುದುಕ.

"ತಾತ, ಅವತ್ತು ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ನಂಗೆ ನಿನ್ನ ಬಿಟ್ಟು ಇನ್ಯಾರೂ ನೆನಪಾಗ್ಲಿಲ್ಲ" ಎಂದ. "ನನ್ನ ಮಗಳು ಉಳಿದ್ಲು. ಮಗು ನನ್ನ ಬೆರಳು ಹಿಡ್ಕೊಂಡ್ರೆ ಬಿಡೋದೇ ಇಲ್ಲ. ನಾನು ಬೆಳಗ್ಗಿಂದ ಆಯ್ತಾ ಆಯ್ತಾ ಅಂತ ನಿನ್ನ ಅವಸರ ಮಾಡಿದ್ದೇ ಆಯ್ತು, ಬಂದಿದ್ದು ಯಾಕೆ ಅಂತ ಹೇಳ್ಲೇ ಇಲ್ಲ. ನೀನು ನಮ್ಮ ಕೈ ಬಿಡ್ಲಿಲ್ಲ ತಾತ. ನಿನ್ನ ಉಪಕಾರ ನಾನು ಸಾಯೋ ತನಕ ಮರೆಯಲ್ಲ. ನಿಧಾನಕ್ಕೇ ಉಣ್ಣು, ನಾನು ಕಾಯ್ತೀನಿ."

ಬೇಕೆಂದು ಎಸೆದದ್ದಲ್ಲ, ಕೈ ಸಡಿಲವಾಗಿ ಜೋಡಿ ಜಾರಿ ಬಿತ್ತು. ಒಂದು ಅಂಗಾತ, ಒಂದು ಬೋರಲು.

ಅತ್ತೆ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡು, ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಅಂದಳು. ಚೂಯ್ ಹಾಕ್ ಹಂದಿಯ ಹಿಂಗಾಲು ಹಿಡಿದ, ಬೆಂಗ್ ಮುಂಗಾಲು ಹಿಡಿದ. ಬಾಡಿಗೆ ವ್ಯಾನಿನಲ್ಲಿ ಹಂದಿಯನ್ನು ಮಲಗಿಸಿಕೊಂಡು, ಬೀಗರು ಏನೆಂದರೂ ತಲೆ ಬಾಗಿ ಕೇಳಿಸಿಕೊಳ್ಳುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋದ. ಹೊತ್ತು ಇಳಿಯತೊಡಗಿತ್ತು.

ಬೀಗರ ಮನೆ ತುಂಬ ಜನ. ಆದರೆ ಯಾರ ಮುಂದೆಯೂ ಬಟ್ಟಲಿರಲಿಲ್ಲ, ಎಲ್ಲರೂ ಬರೀ ಚಹಾ ಕುಡಿದು ಕುಡಿದು ಸಪ್ಪಗಾಗಿದ್ದರು. ಹೆಂಡತಿ ಅವನನ್ನು ಬಾಗಿಲ ಮರೆಗೆ ಎಳೆದು ವಿಷಯ ತಿಳಿಸಿದಳು. ಅರಿಸಿನದ ಅನ್ನ, ಕೋಳಿ ಸಾರು, ಕೆಂಪು ಮೊಟ್ಟೆ ಎಲ್ಲವನ್ನೂ ಬೀಗರು ಬೆಳಿಗ್ಗೆಯೇ ಹೊತ್ತುಕೊಂಡು ಗ್ವೀ ಮನೆತನದ ಮನೆಗೆ ಹೋಗಿದ್ದಾರೆ, ಹಿರಿಯರ ಮುಂದಿಟ್ಟು ಈಗ ಬಂದೆ ಅಂದವರು ಇನ್ನೂ ಬಂದಿಲ್ಲ.

"ಯಾಕಂತೆ?" ಎಂದ ಬೆಂಗ್.

"ಅವರ ಹಿರಿಯರ ಊಟ ಆಗಿಲ್ವಂತೆ."

ಬೆಂಗನ ಮುಖ ಅರಳಿದ್ದನ್ನು ನೋಡಬೇಕಿತ್ತು. ಹೆಂಡತಿ ಚಿವುಟದಿದ್ದರೆ ಜನರ ಮುಂದೆ ನಕ್ಕೇ ಬಿಡುತ್ತಿದ್ದ. ಹಂದಿಯನ್ನು ಒಳಗಿಳಿಸಿ, ಮಗುವಿನ ಪಾದ ಒಮ್ಮೆ ಮುಟ್ಟಿ, ಸೀದಾ ಗ್ವೀ ಮನೆತನದ ಮನೆಗೆ ಹೊರಟ. ಅದಿರುವುದು ಎಲ್ಲಿ ಅಂತೀರಿ, ಕ್ವಾ ಮನೆತನದ ಮನೆಯಿಂದ ಎರಡೇ ಓಣಿ ಆಚೆ. ಬೆಳಗಿನಿಂದ ಇಬ್ಬರು ಬೀಗರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಿಗೊಬ್ಬರು ಹೆದರಿಕೊಂಡು ಮಂಡಿಯೂರಿದ್ದರು.

ಕೀ ಹೊಕ್ ಬೆವತು ತೊಪ್ಪೆಯಾಗಿದ್ದರು. ಬೆಂಗನನ್ನು ಕಂಡವರೇ ಎದ್ದು ಅವನ ಎರಡೂ ಕೈ ಹಿಡಿದುಕೊಂಡು, "ಬೀಗರೇ, ಫೋನ್ ಮಾಡೋಕೆ ಮುಖ ಇರ್ಲಿಲ್ಲ ನಂಗೆ. ನಿಮ್ಮನ್ನ ಅಷ್ಟು ಆಡ್ಕೊಂಡಿದ್ದೆ. ಮೊದ್ಲೇ ಬಂದು ನನ್ನ ದಾರಿ ಕಾಯೋ ಹಾಗಾಯ್ತಲ್ಲ ನಿಮಗೆ" ಅಂದರು.

ಬೆಂಗ್ ಇಲ್ಲವೆನ್ನಲಿಲ್ಲ. ಹೌದೂ ಅನ್ನಲಿಲ್ಲ. ದೊಡ್ಡ ಮನಸ್ಸಿನವನಂತೆ ಪಕ್ಕದಲ್ಲಿ ಮಂಡಿಯೂರಿ, ಬಾಯಿ ತುಂಬ ಕೃತಜ್ಞತೆ ಹೇಳಿ ನೋಡಿ, ಹಿರಿಯರಿಗೆ ಬೇಕಾದದ್ದು ಅಷ್ಟೇ ಎಂದು ಅನುಭವಸ್ಥನ ಹಾಗೆ ಸಲಹೆ ಕೊಟ್ಟ. ಬೀಗರು ಬೆಳಗಿನಿಂದ ಅದನ್ನೇ ಹೇಳುತ್ತಿದ್ದರಂತೆ. ಈಗ ಇನ್ನೊಮ್ಮೆ ಕಣ್ಣೀರು ಹಾಕಿ ಹೇಳಿ ಎಸೆದರು. ಎರಡೂ ಬೋರಲು.

ಮೂಲೆಯ ಬೆತ್ತದ ಕುರ್ಚಿಯಲ್ಲಿ ಬೀಗರ ತಾಯಿ ಕೂತಿದ್ದರು. ಇಡೀ ದಿನ ತೂಕಡಿಸುತ್ತಿದ್ದ ಮುದುಕಿ ಈಗ ಕಣ್ಣು ಬಿಟ್ಟು ಬೆಂಗನನ್ನು ನೋಡಿ, ಇವರು ಯಾರು ಎಂದು ಕೇಳಿದರು. ಸೊಸೆಯ ತಂದೆ ಎಂದು ಮಗ ಹೇಳಿದಾಗ ಹಣೆ ಚಚ್ಚಿಕೊಂಡರು.

"ಕೀ ಹೊಕ್, ನಿಂಗೆ ಬುದ್ಧಿ ಎಲ್ಲಿ ಹೋಯ್ತೋ? ಮೊಮ್ಮಗಳ ತಿಂಗಳ ಊಟ. ಬೀಗರು ಬರದೆ ನಮ್ಮ ಹಿರಿಯರು ಹೆಂಗೋ ಊಟದ ಕಡ್ಡಿ ಎತ್ತುತ್ತಾರೆ? ಅಷ್ಟು ಮರ್ಯಾದೆ ಇಲ್ಲದೋರಾ ಅವರು?"

ತಾನು ಬಂದಾಯಿತಲ್ಲ ಎಂದ ಬೆಂಗ್.

"ನೀವಲ್ಲಪ್ಪ. ನೀವಿನ್ನೂ ಬದುಕಿದೀರಿ. ನಿಮ್ಮ ಹಿರಿಯರು."

ಕೀ ಹೊಕ್ ಜೋಡಿ ಎತ್ತಿ, ಕ್ವಾ ಮನೆತನದ ಹಿರಿಯರಿಗಾಗಿ ಕಾಯುತ್ತಿದ್ದೀರಾ ಎಂದು ಕೇಳಿದರು. ಒಂದು ಅಂಗಾತ, ಒಂದು ಬೋರಲು. ಮತ್ತೆ ಕೇಳಿದರೂ ಅದೇ. ಮೂರನೆಯ ಸಲವೂ ಅದೇ.

ಇಷ್ಟಾದ ಮೇಲೆ ಮಾತೇನಿದೆ. ಬೆಂಗ್ ಎರಡು ಓಣಿ ದಾಟಿ ಮತ್ತೆ ತನ್ನ ಮನೆತನದ ಮನೆಗೆ ನಡೆದ. ಕಾಲು ಸೋತಿತ್ತು, ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು, ಆದರೂ ಅವನಿಗೆ ಸಿಟ್ಟು ಬರಲಿಲ್ಲ. ಅವನ ಬೆರಳು ಹಿಡಿದರೆ ಬಿಡದ ಆ ಪುಟ್ಟ ಹೆಣ್ಣಿಗಾಗಿ ಎರಡು ಮನೆತನದ ಬದುಕಿರುವವರೂ ಸತ್ತವರೂ ಒಂದೇ ಪಂಕ್ತಿಗೆ ಕಾದು ಕೂತಿದ್ದಾರಲ್ಲ, ಇಂಥ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಎಂದು ಅವನ ಎದೆ ತುಂಬಿ ಬಂತು. ಓಣಿಯಲ್ಲಿ ಎದುರಾದವರಿಗೆಲ್ಲ ಸುಮ್ಮಸುಮ್ಮನೆ ಕೈ ಮುಗಿದ.

ಚೂಯ್ ಹಾಕ್ ಬಾಗಿಲು ಹಾಕುವುದರಲ್ಲಿದ್ದ. ಅತ್ತೆ ತಾತನ ಕಾಫಿ ಕುಡಿಯುತ್ತಾ ಕೂತಿದ್ದಳು. ಬೆಂಗ್ ಅವರಿಗೆ ವಿಷಯ ಹೇಳಿ, ಊದುಬತ್ತಿ ಹಚ್ಚಿ, ಗೋಡೆಯ ತುಂಬ ಇದ್ದ ಹಿರಿಯರಿಗೆಲ್ಲ ನೆಲ ಮುಟ್ಟಿ ನಮಸ್ಕರಿಸಿದ.

"ಹಿರಿಯರೇ, ಬೀಗರ ಹಿರಿಯರು ಬೆಳಗ್ಗಿಂದ ಉಪವಾಸ ನಿಮ್ಮ ದಾರಿ ಕಾಯ್ತಾ ಇದ್ದಾರೆ. ಎಲ್ಲರೂ ದಯವಿಟ್ಟು ಊಟಕ್ಕೆ ಬರಬೇಕು."

ಜೋಡಿ ಎಸೆದ. ಅದು ಉರುಳಿ ಉರುಳಿ ಅತ್ತೆಯ ಕಾಲ ಬಳಿ ನಿಂತಿತು. ಎರಡೂ ಬೋರಲು.

ಅತ್ತೆ ಬಗ್ಗಿ ನೋಡಿ ಕಾಫಿಯ ಲೋಟ ಕೆಳಗಿಟ್ಟಳು.

"ಹೊಟ್ಟೇಲಿ ಜಾಗ ಇಲ್ವಂತೆ ಕಣೋ" ಅಂದಳು. "ಬೆಳಗ್ಗಿಂದ ಹಂದಿ, ಕಾಫಿ, ಗಂಜಿ ಅಂತ ಒಂದೇ ಸಮ ತಿನ್ನಿಸಿದ್ದು ಯಾರು?"