ಗುನಿಲ್ಲಾ ಅವರ ಬೆರಳಿಗೆ ಹೊಂದುವ ಅಟ್ಯಾಚ್‌ಮೆಂಟ್ ಕುರಿತು

ಪರೀಕ್ಷಾ ಯಂತ್ರ ಕಂಪನಿಯ ಅಟ್ಯಾಚ್‌ಮೆಂಟ್ ಆಯ್ಕೆ ಸಲಹಾ ವಿಭಾಗದ ಪರಮ ಮಾನ್ಯರೇ,

ನಾನಿರುವ ಈ ಚಳಿದೇಶದ ಊರು ಶೋವ್ಡೆಯಲ್ಲಿ ಹಿಮ ಕರಗಿ, ಜನರೆಲ್ಲ ಬಿಸಿಲು ಬಿದ್ದ ಗೋಡೆಗಳಿಗೆ ಒರಗಿ ಕಣ್ಣು ಮುಚ್ಚಿ ನಿಲ್ಲುವ ಈ ಸುಮುಹೂರ್ತದಲ್ಲಿ, ತಾವೂ ತಮ್ಮ ವೆಬ್‌ಸೈಟಿನಲ್ಲಿ ಸಾಲಾಗಿ ಹೊಳೆಯುತ್ತಿರುವ ಸಕಲ ಅಟ್ಯಾಚ್‌ಮೆಂಟುಗಳೂ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಸರು ಪಾವನಾ. ಕಾಫಿಗೆ ಬೆರೆಸುವ ಕೆನೆಯ ಪುಟ್ಟ ಕಪ್ಪುಗಳಿಗೆ ಮುಚ್ಚಳ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಪರೀಕ್ಷಾ ಎಂಜಿನಿಯರ್. ಉಜ್ಜಿ, ಗೀರಿ, ಸುಲಿದು ವಸ್ತುಗಳ ಮೇಲ್ಮೈಯ ಗುಣ ಅಳೆಯುವ ತಮ್ಮ ಯಂತ್ರ ನಮ್ಮಲ್ಲಿದೆ. ಅದರ ತೋಳಿಗೆ ಯಾವ ಪರೀಕ್ಷೆಗೆ ಯಾವ ಅಟ್ಯಾಚ್‌ಮೆಂಟ್ ಸಿಕ್ಕಿಸಬೇಕೆಂದು ತಾವು ಕೊಟ್ಟ ಸಲಹೆಗಳಿಂದ ನನ್ನ ಚಳಿಗಾಲ ಎಷ್ಟು ಬೆಚ್ಚಗೆ ಕಳೆಯಿತೆಂಬುದನ್ನು ಲೋಕಕ್ಕೆ ಸಾರುವುದು ನನ್ನ ಕರ್ತವ್ಯ.

ವಿಷಯ ಶುರುವಾದದ್ದು ಕಮ್ಯೂನಿನ, ಎಂದರೆ ನಮ್ಮ ಊರಾಡಳಿತದ, ವೃದ್ಧಾಶ್ರಮದಲ್ಲಿ. ಅಲ್ಲಿನ ಹಿರಿಯರಿಗೆ ನಮ್ಮ ಕಪ್ಪಿನ ಮುಚ್ಚಳ ತೆಗೆಯಲು ಆಗುತ್ತಿಲ್ಲ, ಇದು ಸರಿಹೋಗದಿದ್ದರೆ ಬೇರೆಯವರಿಂದ ತರಿಸುತ್ತೇವೆ ಎಂದು ಅವರು ತಿಳಿಸಿದರು. ನಾನೇ ಹೋಗಿ ಅವರ ಫೀಕಾಕ್ಕೆ ಕುಳಿತೆ. ಅದು ಕಾಫಿಯ ಹೊತ್ತು, ಈ ದೇಶದಲ್ಲಿ ಅದನ್ನು ಯಾರೂ ತಪ್ಪಿಸುವುದಿಲ್ಲ. ಪಕ್ಕದಲ್ಲಿದ್ದವರು ಗುನಿಲ್ಲಾ ಎಂಬ ಹಿರಿಯರು, ಹಿಂದೆ ಇಲ್ಲಿನ ಎಂಜಿನ್ ಕಾರ್ಖಾನೆಯಲ್ಲಿ ದುಡಿದವರು. ಅವರು ಮುಚ್ಚಳದ ತುದಿ ಹಿಡಿದು ಎಳೆದರು, ಮತ್ತೆ ಎಳೆದರು, ಉಗುರಿನಿಂದ ಕೆರೆದರು, ಕೊನೆಗೆ ಕಪ್ಪನ್ನು ಮೇಜಿನ ಮೇಲಿಟ್ಟು, "ಲಾರಿಯ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವಳು ನಾನು. ಈಗ ಒಂದು ಚಮಚ ಕೆನೆಗೆ ಇಲ್ಲಿ ಆರೈಕೆ ಮಾಡುವ ಆ ಹುಡುಗಿಯರನ್ನು ಕೂಗಬೇಕು. ಅದಕ್ಕಿಂತ ಕರಿ ಕಾಫಿಯೇ ಮೇಲು" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಆಗ ನಾನು ತಮ್ಮ ಆಯ್ಕೆ ಪುಟಕ್ಕೆ ಶರಣಾದೆ. ವಯಸ್ಸಾದವರು ಉಗುರಿನಿಂದ ಕೆರೆದು ತೆಗೆಯಲು ಹೆಣಗುವ ಮುಚ್ಚಳ ಎಂದು ವಿವರವಾಗಿ ಬರೆದೆ. ತಾವು ಕೂಡಲೇ ಕಳಿಸಿಕೊಟ್ಟದ್ದು ಮೇಲ್ಮೈಯನ್ನು ಗೀರಿ ನೋಡುವ ಸೂಜಿ. ಎಂಥ ಸೂಜಿ! ತುದಿಯಲ್ಲಿ ನೀಲಮಣಿ, ನನ್ನ ಮದುವೆಯಲ್ಲೂ ಯಾರೂ ಅಷ್ಟು ಚೆಂದದ ಕಲ್ಲು ಕೊಟ್ಟಿರಲಿಲ್ಲ. ಖರೀದಿ ನೋಡಿಕೊಳ್ಳುವ ನಮ್ಮ ಬೆಂಗಳೂರಿನ ವೆಂಕಟರಮಣ ಅವರು ಅದನ್ನು ಬೆಳಕಿಗೆ ಹಿಡಿದು, "ಪಾವನಾ, ನೀವು ಉಗುರು ಅಂತ ಬರೆದ್ರಲ್ಲ, ಅವ್ರು ಪಾಪ ಉಗುರೇ ಕಳ್ಸಿದಾರೆ" ಎಂದರು.

ಎರಡನೆಯ ಸಲ 'ಸುಲಿಯುವುದು' ಎಂದು ಮಾತ್ರ ಬರೆದೆ. ಉಕ್ಕಿನ ಹಲ್ಲುಗಳ ಹಿಡಿಕೆ ಬಂತು. ಮುಚ್ಚಳದ ಪಟ್ಟಿಯೊಂದನ್ನು ಸಪಾಟು ತಟ್ಟೆಗೆ ಅಂಟಿಸಿ, ತುದಿಯನ್ನು ಆ ಹಲ್ಲುಗಳಿಗೆ ಕಚ್ಚಿಸಿ ಯಂತ್ರ ಚಾಲೂ ಮಾಡಿದರೆ, ಮಾನ್ಯರೇ, ಬಿಸಿ ಹಾಲಿನ ಕೆನೆಯಂತೆ ಎದ್ದು ಬಂತು! ಪರದೆಯ ಮೇಲೆ ಹಸಿರು ಗುರುತು. ನಮ್ಮ ಮುಖ್ಯಸ್ಥ ಲೆನಾರ್ಟ್ ಕೈ ತಟ್ಟಿ, "ಮುಗಿಯಿತಲ್ಲ, ಯಂತ್ರ ಒಪ್ಪಿದೆ. ಈ ವರದಿಯನ್ನೇ ಕಳಿಸಿಬಿಡೋಣ" ಎಂದರು. "ಯಂತ್ರ ಕಾಫಿ ಕುಡಿಯೋದಿಲ್ಲ, ಲೆನಾರ್ಟ್" ಎಂದೆ. ಈ ದೇಶದಲ್ಲಿ ಮುಖ್ಯಸ್ಥರಿಗೆ ಹೀಗೆ ಹೇಳಬಹುದು. ಆಮೇಲೆ ಅವರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾರೆ, ಅಷ್ಟೆ.

ನಾನು ಮತ್ತೆ ಗುನಿಲ್ಲಾ ಅವರ ಬಳಿಗೆ ಹೋಗಿ, ಈ ಸಲ ಮುಚ್ಚಳವನ್ನು ಬಿಟ್ಟು ಅವರ ಬೆರಳುಗಳನ್ನೇ ನೋಡುತ್ತ ಕುಳಿತೆ. ಮುಚ್ಚಳ ಬಿಗಿಯಾಗಿರಲಿಲ್ಲ, ಬೆರಳು ಜಾರುತ್ತಿತ್ತು. ಚರ್ಮ ಒಡೆಯದಿರಲೆಂದು ಅಲ್ಲಿ ಎಲ್ಲರಿಗೂ ಕೈಗೆ ಕ್ರೀಮ್ ಹಚ್ಚುತ್ತಾರೆ, ನಮ್ಮ ಮುಚ್ಚಳದ ತುದಿಯೋ ವಾರ್ನಿಶ್ ಹಚ್ಚಿ ಮಿರಮಿರ ಮಿನುಗುತ್ತದೆ. ಉಕ್ಕಿನ ಹಲ್ಲಿಗೆ ಜಾರುವ ಕಷ್ಟ ಎಲ್ಲಿಂದ ತಿಳಿಯಬೇಕು? ಅಳೆಯಬೇಕಾದದ್ದು ಮೊದಲು ಘರ್ಷಣೆಯನ್ನು, ಸುಲಿತವನ್ನು ಆಮೇಲೆ. ಸಂಭ್ರಮದಿಂದ ತಮಗೆ ಬರೆದು, ಕ್ರೀಮ್ ಹಚ್ಚಿದ ಬೆರಳಿನಂಥ ಅಟ್ಯಾಚ್‌ಮೆಂಟ್ ಇದೆಯೇ ಎಂದು ಕೇಳಿದೆ. "ದಯವಿಟ್ಟು ತಮ್ಮ ಮಾದರಿಗೆ ಸೂಕ್ತವಾದ ಅಟ್ಯಾಚ್‌ಮೆಂಟನ್ನು ಆಯ್ಕೆ ಮಾಡಿಕೊಳ್ಳಿ" ಎಂಬ ಉತ್ತರ ಬಂತು. ಇಷ್ಟು ನಿರ್ದೋಷವಾದ ವಾಕ್ಯವನ್ನು ನಾನು ಈವರೆಗೆ ಓದಿಲ್ಲ.

ಹಾಗಾಗಿ ಆಯ್ಕೆ ಮಾಡಿಕೊಂಡೆ, ನನ್ನ ಅಡುಗೆಮನೆಯಿಂದ. ಉಪ್ಪಿಟ್ಟು ಕೆದಕುವ ಸಿಲಿಕೋನ್ ಸೌಟಿನ ತುದಿಯನ್ನು ಕತ್ತರಿಸಿ, ವೆಂಕಟರಮಣ ಅವರು ಅದನ್ನು ಬೆರಳಿನಾಕಾರಕ್ಕೆ ತೀಡಿ ತಮ್ಮ ಯಂತ್ರದ ತೋಳಿಗೆ ಕೂರಿಸಿದರು; ಆಶ್ರಮದ ಕ್ರೀಮನ್ನೇ ಅದಕ್ಕೆ ಸವರಿದೆವು. ಯಂತ್ರ ಎಳೆಯಿತು, ಬೆರಳು ಸರ್ರನೆ ಜಾರಿತು, ಪರದೆ ಕೆಂಪಾಯಿತು. "ಆಹಾ, ಫೇಲ್ ಆಯ್ತು ಕಣ್ರೀ!" ಎಂದು ವೆಂಕಟರಮಣ ಕುಣಿದಾಡಿದರು. ಲೆನಾರ್ಟ್‌ಗೆ ಈ ಸಂತೋಷದ ಕಾರಣ ಅರ್ಥವಾಗದ್ದರಿಂದ ಅವರ ಕೈಗೂ ಕ್ರೀಮ್ ಹಚ್ಚಿ ಒಂದು ಕಪ್ಪು ಕೊಟ್ಟೆ. ಅವರು ಮೊದಲು ನಗುತ್ತ, ಆಮೇಲೆ ತುಟಿ ಕಚ್ಚಿಕೊಂಡು ಎಳೆದರು. ಕಪ್ಪು ಕೈಯಿಂದ ಚಿಮ್ಮಿ ಕೆನೆಯೆಲ್ಲ ಅವರ ನೀಲಿ ಸ್ವೆಟರಿಗೆ ನೈವೇದ್ಯವಾಯಿತು. ಒರೆಸಿಕೊಳ್ಳುತ್ತಲೇ, "ಏನು ಬದಲಾಯಿಸಬೇಕು, ಹೇಳಿ" ಎಂದರು.

ತುದಿಯ ವಾರ್ನಿಶ್ ತೆಗೆದೆವು, ಅಲ್ಲಿ ಸಣ್ಣ ಉಬ್ಬುಗೆರೆಗಳನ್ನು ಒತ್ತಿಸಿದೆವು, ತುದಿಯನ್ನು ಉದ್ದ ಮಾಡಿದೆವು. ಕಪ್ಪನ್ನು ಕೈಯಲ್ಲಿ ಹಿಡಿದಂತೆ ಓರೆಯಾಗಿ ಹಿಡಿಯುವ ಅಟ್ಯಾಚ್‌ಮೆಂಟನ್ನು ತಮ್ಮ ಪುಟದ ತೀರಾ ತಳದಲ್ಲಿ ನಾನೇ ಪತ್ತೆಮಾಡಿ ತರಿಸಿ, ಇಡೀ ಮುಚ್ಚಳವನ್ನು ಸುಲಿದು ನೋಡಿದೆವು. ವಾರ್ನಿಶ್ ಇಲ್ಲದ ಬಣ್ಣ ಉಗುರು ತಾಗಿ ಎದ್ದು ಕೆನೆಗೆ ಬೀಳಬಾರದಲ್ಲ, ಅದಕ್ಕೆ ತಮ್ಮ ನೀಲಮಣಿ ಸೂಜಿಯಿಂದ ಗೀರಿ ಪರೀಕ್ಷಿಸಿದೆವು; ಬಣ್ಣ ನಿಂತಿತು.

ಕಳೆದ ವಾರ ಕಮ್ಯೂನಿನ ಅಧಿಕಾರಿಣಿಯ ಎದುರಿಗೆ ಹೊಸ ಕಪ್ಪುಗಳನ್ನಿಟ್ಟೆವು. ಗುನಿಲ್ಲಾ ಕನ್ನಡಕ ಸರಿಮಾಡಿಕೊಂಡು ತುದಿ ಹಿಡಿದರು. ಒಂದೇ ಎಳೆತ. ಕೆನೆ ಒಂದು ಹನಿಯೂ ಚೆಲ್ಲಲಿಲ್ಲ. ಅವರು ಪಕ್ಕದವರ ಕಪ್ಪಿನ ಮುಚ್ಚಳವನ್ನೂ ತೆಗೆದುಕೊಟ್ಟರು, ಆಚೆಯವರದನ್ನೂ ತೆಗೆದರು, ಕೊನೆಗೆ ಅಧಿಕಾರಿಣಿಯ ಕಪ್ಪಿಗೂ ಕೈ ಹಾಕಿ, "ಕೊಡಮ್ಮ ಇಲ್ಲಿ, ನಿನಗೆ ಅಭ್ಯಾಸವಿಲ್ಲ" ಎಂದರು. ಕಮ್ಯೂನು ನಮ್ಮ ಮುಚ್ಚಳಗಳನ್ನೇ ಉಳಿಸಿಕೊಂಡಿತು. ಕಣ್ಣು ಒರೆಸಿಕೊಂಡ ನನ್ನನ್ನು ಕಂಡ ಲೆನಾರ್ಟ್ ಮತ್ತೆ ಕಿಟಕಿಯಾಚೆ ನೋಡಿದರು. ಈ ಸಲ ಅವರೂ ಮೂಗೆಳೆದುಕೊಂಡದ್ದು ಕೇಳಿಸಿತು.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು ಇಷ್ಟೇ. ತಮ್ಮ ಪುಟದಲ್ಲಿ 'ಮನುಷ್ಯರು' ಎಂಬ ಹೊಸ ವಿಭಾಗ ತೆರೆಯತಕ್ಕದ್ದು. ಸಲಹೆ ಕೊಡುವ ಪ್ರತಿಯೊಬ್ಬರೂ ಕೆಲಸಕ್ಕೆ ಕೂರುವ ಮುನ್ನ ಅಂಗೈಗೆ ಧಾರಾಳವಾಗಿ ಕ್ರೀಮ್ ಹಚ್ಚಿಕೊಳ್ಳತಕ್ಕದ್ದು. ಹಾಗೂ ಸಾಧ್ಯವಾದರೆ ಗುನಿಲ್ಲಾ ಅವರನ್ನು ತಮ್ಮ ವಿಭಾಗದ ಮುಖ್ಯಸ್ಥೆಯನ್ನಾಗಿ ನೇಮಿಸತಕ್ಕದ್ದು, ಅವರು ಒಪ್ಪುವುದು ಅನುಮಾನವಾದರೂ.

ಇಷ್ಟಾದರೂ ತಮ್ಮ ಮೇಲಿನ ವಿಶ್ವಾಸ ಒಂದಿಷ್ಟೂ ಸುಲಿದುಹೋಗದ,
ಪಾವನಾ

ಮರೆತ ಮಾತು: ಇಷ್ಟೊಂದು ಅಟ್ಯಾಚ್‌ಮೆಂಟ್ ಕೊಂಡದ್ದಕ್ಕೆ ತಾವು ಅಭಿನಂದನಾಪೂರ್ವಕವಾಗಿ ಕಳಿಸಿದ ಉಡುಗೊರೆಯ ಪೆಟ್ಟಿಗೆ ನಿನ್ನೆ ತಲುಪಿತು. ಅದಕ್ಕೆ ಸುತ್ತಿದ ಅಂಟುಪಟ್ಟಿ ಯಾವ ತುದಿಯಿಂದಲೂ ಬಿಡುತ್ತಿಲ್ಲ, ನಾವೆಲ್ಲ ಸರದಿಯಲ್ಲಿ ಎಳೆದು ಸೋತಿದ್ದೇವೆ. ಅದನ್ನು ತೆರೆಯಲು ಬೇಕಾದ ಅಟ್ಯಾಚ್‌ಮೆಂಟ್ ಆ ಪೆಟ್ಟಿಗೆಯೊಳಗೇ ಇದ್ದರೆ ದಯವಿಟ್ಟು ತಿಳಿಸುವುದು.